ಕಾಲ್ಪೇಟಿ ಕಿರುಗುಟ್ಟಿದರೆ ಎಣ್ಣೆ ಎಲ್ಲಿಗೆ ಬಿಡಬೇಕು?

ಪ್ರಶ್ನೆ: ಮಾಸ್ತರೇ, ನಮ್ಮದು ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿ. ನಮ್ಮಪ್ಪ 40 ವರ್ಷ ನಾಟಕಕ್ಕೆ, ಬಯಲಾಟಕ್ಕೆ ಪೇಟಿ ನುಡಿಸಿದವರು. ಅವರು ತೀರಿಕೊಂಡ ಮೇಲೆ ಅವರ ಕಾಲ್ಪೇಟಿ, ಅಂದರೆ ಕಾಲಿನಿಂದ ಗಾಳಿ ತುಳಿಯುವ ಲೆಗ್ ಹಾರ್ಮೋನಿಯಂ, 6 ವರ್ಷ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಈ ಸಲ ಊರ ಜಾತ್ರೆಯ ನಾಟಕಕ್ಕೆ ನಾನೇ ನುಡಿಸಬೇಕಾಗಿದೆ. ಪೆಡಲ್ ತುಳಿದರೆ ಹಾಡಿಗಿಂತ ಜೋರಾಗಿ ಕಿರ್ರ್ ಕಿರ್ರ್ ಅನ್ನುತ್ತದೆ. ಅಪ್ಪ ಆರಾಮಾಗಿ ತುಳಿಯುತ್ತಿದ್ದರು, ನಾನು ಮಾತ್ರ ಸೈಕಲ್ ತುಳಿದ ಹಾಗೆ ತುಳಿಯಬೇಕು. ಐದಾರು ಮನೆಗಳು, ಅಂದರೆ ಬೆರಳಿಂದ ಒತ್ತುವ ಕೀಗಳು, ಒತ್ತಿದರೆ ವಾಪಸ್ ಮೇಲೆ ಬರುವುದಿಲ್ಲ. ಊರಿನ ಹಿರಿಯರೊಬ್ಬರು ಕೊಬ್ಬರಿ ಎಣ್ಣೆ ಬಿಡು ಅಂದರು. ಟ್ರ್ಯಾಕ್ಟರ್ ಮೆಕ್ಯಾನಿಕ್ ಗ್ರೀಸ್ ಹಚ್ಚು ಅಂದ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ನಮ್ಮ ಭಾವ ಮಿಷನ್ ಎಣ್ಣೆಯ ಬಾಟಲಿ ಕೊಟ್ಟು ಕಳಿಸಿದರು. ತಡೆಯಲಾರದೆ ಎರಡು ಮನೆಗಳ ಸಂದಿಗೆ ಡಬ್ಲ್ಯೂಡಿ-40 ಹೊಡೆದೆ. ಒಂದು ದಿನ ಚೆನ್ನಾಗಿ ಆಡಿದವು. ಈಗ ಮೊದಲಿಗಿಂತ ಜಾಸ್ತಿ ಅಂಟುತ್ತವೆ, ಅದರಲ್ಲಿ ಒಂದರ ಸ್ವರವೂ ಇಳಿದಂತಿದೆ. ಜಾತ್ರೆಗೆ ಇನ್ನು 5 ವಾರ ಇದೆ. ಯಾವ ಎಣ್ಣೆ, ಎಲ್ಲಿಗೆ, ಎಷ್ಟು ಹಾಕಬೇಕು?

ಉತ್ತರ: ಮೊದಲು ಬಾಟಲಿಗಳನ್ನೆಲ್ಲ ಎತ್ತಿಡಿ. ಭಾವ ಕೊಟ್ಟ ಮಿಷನ್ ಎಣ್ಣೆ ಮಾತ್ರ ಕೈಗೆ ಸಿಗುವಲ್ಲಿ ಇರಲಿ, ಅದರಲ್ಲಿ ಹತ್ತು ಹನಿ ಬೇಕಾಗುತ್ತದೆ. ಹತ್ತೇ ಹನಿ.

ನೀವು ಕೇಳಿದ್ದು ಎಣ್ಣೆಯ ವಿಷಯ. ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಇನ್ನೊಂದು ಸಾಲಿನ ಮೇಲೆ. ಅಪ್ಪ ಆರಾಮಾಗಿ ತುಳಿಯುತ್ತಿದ್ದರು, ನಾನು ಸೈಕಲ್ ತುಳಿದ ಹಾಗೆ ತುಳಿಯಬೇಕು ಅಂದಿರಲ್ಲ, ಅದು. ನಿಮ್ಮ ಪೇಟಿಯ ನಿಜವಾದ ಕಾಯಿಲೆ ಅಲ್ಲಿದೆ. ಎಲ್ಲೋ ಗಾಳಿ ಸೋರುತ್ತಿದೆ. ಗಾಳಿ ಸೋರಿದರೆ ಎರಡು ಪಟ್ಟು ತುಳಿಯಬೇಕು. ಎರಡು ಪಟ್ಟು ತುಳಿದರೆ ಪೆಡಲಿನ ಕೀಲು ಎರಡು ಪಟ್ಟು ಸವೆಯುತ್ತದೆ, ಕಿರುಗುಟ್ಟುತ್ತದೆ. ಕಿರುಗುಟ್ಟುವ ಜಾಗಕ್ಕೆ ಎಣ್ಣೆ ಬಿಟ್ಟರೆ ನಾಲ್ಕು ದಿನ ಸದ್ದು ನಿಲ್ಲಬಹುದು, ಆದರೆ ನಿಮ್ಮ ಕಾಲು ನಿಲ್ಲುವುದಿಲ್ಲ.

ನಾನು ಕೊಪ್ಪಳದಲ್ಲಿ 30 ವರ್ಷದ ಮೇಲಾಯಿತು ಪೇಟಿ ಬಿಚ್ಚಿ ಕಟ್ಟುವ ಕೆಲಸ ಮಾಡುತ್ತಿದ್ದೇನೆ. ಬರುವವರಲ್ಲಿ ಅರ್ಧಕ್ಕರ್ಧ ಜನ ಎಣ್ಣೆ ಬಿಟ್ಟುಕೊಂಡೇ ಬರುತ್ತಾರೆ. ಅವರನ್ನು ಬಯ್ಯುವುದಿಲ್ಲ. ನಮ್ಮದು ಬಂಡಿಯ ಸೀಮೆ. ಗಾಲಿ ಕಿರ್ ಅಂದರೆ ಅಚ್ಚಿಗೆ ಕೀಲೆಣ್ಣೆ ಹಾಕು ಅನ್ನುವುದು ನಮಗೆ ಚಿಕ್ಕಂದಿನಿಂದ ಗೊತ್ತು. ನಾನೂ ಕೆಲಸ ಕಲಿಯುವಾಗ ಒಂದು ಪೇಟಿಯ ಮನೆಗಳಿಗೆ ಔಡಲೆಣ್ಣೆ ಬಿಟ್ಟಿದ್ದೆ. ಗುರುಗಳು ಏನೂ ಅನ್ನಲಿಲ್ಲ. ಅದರ ಅಷ್ಟೂ ಮನೆಗಳನ್ನು ಬಿಚ್ಚಿ, ಒರೆಸಿ, ಚರ್ಮ ಬದಲಾಯಿಸಿ ಮತ್ತೆ ಕೂರಿಸುವ ಕೆಲಸ ನನಗೇ ಹಚ್ಚಿದರು. ಹನ್ನೊಂದು ದಿನ ಹಿಡಿಯಿತು.

ಬಂಡಿಗೂ ಪೇಟಿಗೂ ಇರುವ ಫರಕು ಇಷ್ಟೇ. ಬಂಡಿಯ ಅಚ್ಚು ಉಸಿರಾಡುವುದಿಲ್ಲ, ಪೇಟಿ ಉಸಿರಾಡುತ್ತದೆ. ಲೆಗ್ ಹಾರ್ಮೋನಿಯಂ ಒಳಗೆ ಎರಡು ಯಂತ್ರ ಇವೆ ಅಂದುಕೊಳ್ಳಿ. ಕೆಳಗಿನದು ಕಾಲಿನ ಯಂತ್ರ: ಪೆಡಲ್, ಅದರ ಕೀಲು, ಕಬ್ಬಿಣದ ಸರಳು ಅಥವಾ ಬಾರು, ಸ್ಪ್ರಿಂಗು. ಇಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ, ಎಣ್ಣೆಗೆ ಕೆಲಸ ಇದೆ. ಮೇಲಿನದು ಗಾಳಿಯ ಯಂತ್ರ: ತಿದಿ, ಗಾಳಿ ಚೀಲ, ಚರ್ಮದ ಕದಗಳು, ಮನೆಗಳು, ಅವುಗಳ ಅಡಿಯಲ್ಲಿ ಸ್ವರ ಹೊರಡಿಸುವ ಹಿತ್ತಾಳೆ ರೀಡು. ಅಲ್ಲಿರುವುದು ಮರ, ಚರ್ಮ, ಬಟ್ಟೆ, ಅಂಟು. ಈ ನಾಲ್ಕಕ್ಕೂ ಎಣ್ಣೆ ಅಂದರೆ ಆಗದು. ಮರ ಎಣ್ಣೆ ಕುಡಿದು ಜಿಡ್ಡಾಗುತ್ತದೆ. ಚರ್ಮ ಎಣ್ಣೆ ಕುಡಿದು ಮೊದಲು ಜೋಲುತ್ತದೆ, ಆಮೇಲೆ ಧೂಳು ಹಿಡಿದು ಚಪ್ಪಲಿ ಅಟ್ಟೆಯ ಹಾಗೆ ಗಟ್ಟಿಯಾಗುತ್ತದೆ. ಅಂಟು ಬಿಡುತ್ತದೆ.

ನಿಮಗೆ ಸಲಹೆ ಕೊಟ್ಟ ಮೂವರ ಮಾತನ್ನೂ, ನೀವೇ ಹೊಡೆದ ಸ್ಪ್ರೇಯನ್ನೂ ಒಮ್ಮೆ ನೋಡೋಣ. ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದವರಲ್ಲ.

ಕೊಬ್ಬರಿ ಎಣ್ಣೆ ಹೇಳಿದ ಹಿರಿಯರು ಅದನ್ನು ಗಡಿಯಾರಕ್ಕೂ ಬಾಗಿಲ ಕೀಲಿಗೂ ಹಾಕಿದ್ದನ್ನು ಕಂಡಿರಬೇಕು. ಅದು ತಿನ್ನುವ ಎಣ್ಣೆ. ಗಾಳಿ ತಾಗಿ ತಾಗಿ ಕಮಟು ಹಿಡಿಯುತ್ತದೆ, ಅಂಟಂಟಾಗುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ರಾತ್ರಿ ಬಯಲಲ್ಲಿ ನಾಟಕ ಆಡುವ ಪೇಟಿಯೊಳಗೆ ಅದು ಎಣ್ಣೆಯಾಗಿ ಉಳಿಯುವುದೇ ಇಲ್ಲ. ಜಿರಲೆ, ಇಲಿಗಳಿಗೆ ಮಾತ್ರ ಹಬ್ಬ.

ಗ್ರೀಸ್ ಟ್ರ್ಯಾಕ್ಟರಿಗೆ ಸರಿ. ಅಲ್ಲಿ ಭಾರ ಜಾಸ್ತಿ, ಮೇಲೆ ಧೂಳು ಹೋಗದ ಹಾಗೆ ಸೀಲ್ ಇರುತ್ತದೆ. ಪೇಟಿಯ ಪೆಡಲ್ ಕೀಲು ಬಾಯಿ ತೆರೆದುಕೊಂಡಿರುತ್ತದೆ. ನಮ್ಮ ಸೀಮೆಯ ಧೂಳು ಬೇರೆ ಸಾಮಾನ್ಯದ್ದಲ್ಲ. ಸಂಡೂರು, ಹೊಸಪೇಟೆ ಕಡೆಯಿಂದ ಬರುವ ಕೆಂಪು ಧೂಳು ಅದಿರಿನ ಪುಡಿ, ಹೆಮಟೈಟ್. ಅಕ್ಕಸಾಲಿಗರು ಚಿನ್ನ ಹೊಳೆಯಿಸಲು ಬಳಸುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ, ಗೊತ್ತಾ? ಹಿತ್ತಾಳೆಗಿಂತ ಅದು ಗಟ್ಟಿ. ಗ್ರೀಸಿಗೆ ಆ ಧೂಳು ಸೇರಿದರೆ ಆಗುವುದು ಸಾಣೆ ಹಿಡಿಯುವ ಪೇಸ್ಟು. ನೀವು ತುಳಿದಷ್ಟೂ ಕೀಲು ತನ್ನನ್ನು ತಾನೇ ತಿಂದುಕೊಳ್ಳುತ್ತದೆ. ತೋರಣಗಲ್ಲು ಕಡೆಯಿಂದ ಬಂದ ಒಂದು ಪೇಟಿಯಲ್ಲಿ ಕೀಲಿನ ಕಡ್ಡಿ ನಡುವೆ ಸವೆದು ಸೊಂಟದ ಹಾಗೆ ಆಗಿತ್ತು. ಮಾಲೀಕರು ಹೆಮ್ಮೆಯಿಂದ ಹೇಳಿದ್ದು: "ತಿಂಗಳಿಗೊಮ್ಮೆ ತಪ್ಪದಂಗ ಗ್ರೀಸ್ ಹಾಕೀನ್ರಿ."

ಡಬ್ಲ್ಯೂಡಿ-40 ಕೆಟ್ಟ ವಸ್ತು ಅಲ್ಲ. ಅದರ ಹೆಸರಲ್ಲೇ ಕೆಲಸ ಇದೆ: ನೀರು ಹೊರದೂಡುವುದು, ಅದಕ್ಕಾಗಿ ಮಾಡಿದ 40ನೇ ಪ್ರಯತ್ನ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1953ರಲ್ಲಿ ಲೋಹಕ್ಕೆ ತುಕ್ಕು ಹಿಡಿಯದಿರಲಿ ಎಂದು ಮಾಡಿದ್ದು. ಅದರಲ್ಲಿ ಬಹುಪಾಲು ಆರಿಹೋಗುವ ದ್ರಾವಕ, ಸ್ವಲ್ಪ ತೆಳು ಎಣ್ಣೆ. ತುಕ್ಕು ಹಿಡಿದ ಬೋಲ್ಟ್ ಬಿಡಿಸಲು ಅದು ನೆರವಾಗುತ್ತದೆ. ನಿಮ್ಮ ಮನೆಗಳ ಸಂದಿಯಲ್ಲಿ ಆದದ್ದು ಏನೆಂದರೆ, ದ್ರಾವಕ ಹಳೆಯ ಜಿಡ್ಡನ್ನು ಕರಗಿಸಿತು, ಒಂದು ದಿನ ಹಗುರ ಅನಿಸಿತು. ಆಮೇಲೆ ಅದು ಆರಿತು. ಕರಗಿದ ಜಿಡ್ಡು ಇನ್ನೂ ಒಳಗಿನ ಸಂದಿಗೆ ಇಳಿದು ಕೂತಿತು, ಎಣ್ಣೆ ಮರಕ್ಕೆ ಹೋಯಿತು. ಸ್ವರ ಇಳಿದದ್ದಕ್ಕೆ ಆಮೇಲೆ ಬರುತ್ತೇನೆ.

ಇನ್ನು ಭಾವನ ಮಿಷನ್ ಎಣ್ಣೆ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ದಿನವಿಡೀ ಓಡುವ ಮಿಷನ್ನುಗಳಿಗೆ ಹಾಕುವ ಆ ನೀರಿನಂಥ ತೆಳು ಎಣ್ಣೆಯೇ ನಿಮ್ಮ ಪೆಡಲಿಗೆ ಸರಿಯಾದದ್ದು. ತೆಳುವಾಗಿರುವುದರಿಂದ ಕೀಲಿನೊಳಗೆ ಹೋಗುತ್ತದೆ, ಬೇಗ ಅಂಟಾಗುವುದಿಲ್ಲ, ಬಟ್ಟೆಗೆ ಕಲೆಯೂ ಕಡಿಮೆ.

ಈಗ ಸದ್ದಿಗೆ ಬರೋಣ. ಪೇಟಿ ಮೂರು ಥರ ದೂರು ಹೇಳುತ್ತದೆ. ಕಿರ್ರ್ ಅಂದರೆ ಏನೋ ಉಜ್ಜುತ್ತಿದೆ. ಟಕ್ ಟಕ್ ಅಂದರೆ ಏನೋ ಸಡಿಲ ಆಗಿದೆ ಅಥವಾ ಸವೆದಿದೆ. ಸುಸ್ ಅಂದರೆ ಗಾಳಿ ಸೋರುತ್ತಿದೆ. ಎಣ್ಣೆ ಮದ್ದಾಗುವುದು ಮೊದಲನೆಯದಕ್ಕೆ ಮಾತ್ರ, ಅದೂ ಎಲ್ಲ ಸಲ ಅಲ್ಲ. ಎಷ್ಟೋ ಪೇಟಿಗಳಲ್ಲಿ ಕಿರುಗುಟ್ಟುವುದು ಕಬ್ಬಿಣವೇ ಅಲ್ಲ, ಮಡಚುವ ಸ್ಟ್ಯಾಂಡಿನ ಮರ. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಮರ ಒಣಗಿ ಕುಗ್ಗುತ್ತದೆ, ತಿರುಪು ಸಡಿಲ ಆಗುತ್ತದೆ, ಮರಕ್ಕೆ ಮರ ತಿಕ್ಕುತ್ತದೆ. ಅದಕ್ಕೆ ಬೇಕಾದದ್ದು ಸ್ಕ್ರೂಡ್ರೈವರ್. ಅದನ್ನೂ ಅರ್ಧ ಸುತ್ತು ತಿರುಗಿಸಿ ನಿಲ್ಲಿಸಿ. ಒಣ ಮರಕ್ಕೆ ಜೋರು ಮಾಡಿದರೆ ತಿರುಪಿನ ತೂತು ಹರಿಯುತ್ತದೆ.

ಸದ್ದು ಎಲ್ಲಿಂದ ಅಂತ ಕಿವಿ ಮೋಸ ಹೋಗುತ್ತದೆ, ಯಾಕೆಂದರೆ ಪೇಟಿಯ ಪೆಟ್ಟಿಗೆಯೇ ಸದ್ದನ್ನು ದೊಡ್ಡದು ಮಾಡುವ ಡಬ್ಬಿ. ಒಂದು ಮೂರಡಿ ಪ್ಲಾಸ್ಟಿಕ್ ಪೈಪು ತೆಗೆದುಕೊಳ್ಳಿ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಒಂದೊಂದೇ ಕೀಲಿನ ಹತ್ತಿರ. ಮನೆಯವರೊಬ್ಬರು ನಿಧಾನವಾಗಿ ಪೆಡಲ್ ತುಳಿಯಲಿ. ಡಾಕ್ಟರು ನೋಡುವ ಹಾಗೆ ನೋಡಿ. ಆಮೇಲೆ ಸರಳು ಅಥವಾ ಬಾರನ್ನು ಕಳಚಿ ಬರೀ ಪೆಡಲ್ ಅಲ್ಲಾಡಿಸಿ. ಆಗಲೂ ಕಿರ್ ಅಂದರೆ ತಪ್ಪು ಪೆಡಲ್ ಕೀಲಿನದು. ಸುಮ್ಮನಾದರೆ ಸರಳಿನ ಕೊಂಡಿಯದೋ, ಮೇಲಿನ ಸ್ಪ್ರಿಂಗಿನದೋ.

ಜಾಗ ಸಿಕ್ಕ ಮೇಲೂ ನೇರ ಎಣ್ಣೆ ಬೇಡ. ಮೊದಲು ತೊಳೆಯಬೇಕು. ಹಳೆ ಜಿಡ್ಡಿನ ಮೇಲೆ ಹೊಸ ಎಣ್ಣೆ ಅಂದರೆ ಕೆಸರಿಗೆ ನೀರು ಬಿಟ್ಟಂತೆ. ಬಟ್ಟೆಯ ಚೂರಿಗೆ ಸ್ವಲ್ಪ ಸೀಮೆಎಣ್ಣೆ ಅಥವಾ ಟರ್ಪೆಂಟೈನ್ ತಗುಲಿಸಿ ಕೀಲನ್ನು ಒರೆಸಿ. ಸಂದಿಗೆ ಹಳೆ ಹಲ್ಲುಜ್ಜುವ ಬ್ರಷ್ ಬಳಸಿ. ಸೀಮೆಎಣ್ಣೆ ತಿದಿಯ ಬಟ್ಟೆಗೆ ತಾಗದ ಹಾಗೆ ನಡುವೆ ದಪ್ಪ ರಟ್ಟು ಇಡಿ, ತಿದಿ ಬಟ್ಟೆಗೆ ರಬ್ಬರು ಲೇಪ ಇದ್ದರೆ ಅದು ಹಾಳಾಗುತ್ತದೆ. ಥಿನ್ನರ್ ಮಾತ್ರ ಬೇಡವೇ ಬೇಡ, ಪಾಲಿಶ್ ಎಲ್ಲ ಎದ್ದು ಬರುತ್ತದೆ. ಬಯಲಲ್ಲಿ ಕೂತು ಮಾಡಿ, ಬೀಡಿ ಸೇದುವವರನ್ನು ದೂರ ಕೂರಿಸಿ. ಕಪ್ಪು ಬರುವುದು ನಿಂತ ಮೇಲೆ ಅರ್ಧ ದಿನ ಆರಲು ಬಿಡಿ. ಈಗ ಪೊರಕೆ ಕಡ್ಡಿಯ ತುದಿಯನ್ನು ಮಿಷನ್ ಎಣ್ಣೆಯಲ್ಲಿ ಅದ್ದಿ, ಕೀಲಿನ ಕಡ್ಡಿಯ ಎರಡೂ ಕೊನೆಗೆ ಒಂದೊಂದು ಹನಿ ಮುಟ್ಟಿಸಿ. ಪೆಡಲನ್ನು ಐವತ್ತು ಸಲ ಆಡಿಸಿ. ಹೊರಗೆ ಬಂದ ಎಣ್ಣೆಯನ್ನು ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಹೊರಗೆ ಕಾಣುವ ಎಣ್ಣೆಯಿಂದ ಏನೂ ಉಪಯೋಗ ಇಲ್ಲ, ಧೂಳಿಗೆ ಕರೆಯೋಲೆ ಅಷ್ಟೇ. ಎರಡು ಪೆಡಲಿಗೆ ನಾಲ್ಕು ಹನಿ, ಸರಳುಗಳ ಕೊಂಡಿಗಳಿಗೆ ಆರು. ಹತ್ತು ಹನಿಯ ಲೆಕ್ಕ ಇದು.

ಒರೆಸುವಾಗ ಕೀಲಿನ ತೂತನ್ನು ನೋಡಿ. ದುಂಡಗಿದ್ದರೆ ಸರಿ. ಮೊಟ್ಟೆಯಂತೆ ಉದ್ದವಾಗಿದ್ದರೆ ಎಣ್ಣೆಯ ಕಾಲ ಮುಗಿದಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಅಳತೆಯ ಹೊಸ ಕೀಲು ಸಿಗುತ್ತದೆ, ಹಾಕಿಬಿಡಿ. ಇಲ್ಲಿ ಜಿಪುಣತನ ಬೇಡ, ಇದು ಪೇಟಿಯಲ್ಲೇ ಅಗ್ಗದ ಭಾಗ. ಬಾರು ಇರುವ ಪೇಟಿಯಾದರೆ ಬಾರಿಗೆ ಎಣ್ಣೆ ಬೇಡ, ನೆನೆದ ಬಾರು ಹಿಗ್ಗುತ್ತದೆ, ತುಳಿತ ತಡವಾಗಿ ಮುಟ್ಟುತ್ತದೆ. ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಗಾಳಿ ಚೀಲದ ದೊಡ್ಡ ಸ್ಪ್ರಿಂಗು ಮರಕ್ಕೆ ಉಜ್ಜಿ ಕೂಗುತ್ತಿದ್ದರೆ ಆ ಜಾಗಕ್ಕೆ ಬನಾತಿನ, ಅಂದರೆ ದಪ್ಪ ಉಣ್ಣೆ ಬಟ್ಟೆಯ, ತುಂಡು ಅಂಟಿಸಿದರೆ ಸಾಕು. ಆದರೆ ಆ ಸ್ಪ್ರಿಂಗಿನ ಹತ್ತಿರ ಬೆರಳು ಇಡುವ ಮುಂಚೆ ಗಾಳಿ ಪೂರ್ತಿ ಬಿಡಿ. ಅದು ಸಿಡಿದರೆ ನುಡಿಸುವ ಬೆರಳು ಹೋಗುತ್ತದೆ.

ಇಷ್ಟಾದರೆ ಕಿರುಗುಟ್ಟುವುದು ನಿಲ್ಲುತ್ತದೆ. ಸೈಕಲ್ ತುಳಿಯುವುದು?

ಕಾಲ್ಪೇಟಿಯ ಉಸಿರಾಟ ಹೀಗಿದೆ. ಎರಡು ಪೆಡಲಿಗೆ ಎರಡು ತಿದಿ. ಒಂದು ಗಾಳಿ ಎಳೆಯುವಾಗ ಇನ್ನೊಂದು ತಳ್ಳುತ್ತದೆ. ಎರಡೂ ಸೇರಿ ದೊಡ್ಡ ಗಾಳಿ ಚೀಲ ತುಂಬುತ್ತವೆ. ಆ ಚೀಲವನ್ನು ಸ್ಪ್ರಿಂಗು ಒತ್ತಿ ಹಿಡಿದಿರುವುದರಿಂದ ತುಳಿತ ಏರುಪೇರಾದರೂ ಸ್ವರ ನಡುಗುವುದಿಲ್ಲ. ಹಳೆಯ ನಾಟಕದ ಮಾಸ್ತರರು ಕಾಲ್ಪೇಟಿಯನ್ನು ಮೆಚ್ಚಿದ್ದು ಇದಕ್ಕೇ. ಎರಡೂ ಕೈ ಬಿಡುವು, ಮೈಕಿಲ್ಲದ ಟೆಂಟಿನಲ್ಲಿ ಕೊನೆಯ ಸಾಲಿಗೂ ಕೇಳುವ ದನಿ. (ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಬಾಗಿಲ ಹೊರಗೆ ನಿಲ್ಲಿಸಿತ್ತು. ಅದೇ ಹೊತ್ತಿನಲ್ಲಿ ನಮ್ಮ ಕಡೆಯ ಜಾತ್ರೆಗಳಲ್ಲಿ ಅದಿಲ್ಲದೆ ಪರದೆ ಏಳುತ್ತಿರಲಿಲ್ಲ.) ಗಾಳಿ ಹೋದ ದಾರಿಯಲ್ಲೇ ವಾಪಸ್ ಬರದ ಹಾಗೆ ಪ್ರತಿ ತಿದಿಗೂ ಚರ್ಮದ ಕದ ಇರುತ್ತದೆ, ನಮ್ಮ ಎದೆಯೊಳಗಿನ ಕವಾಟದ ಹಾಗೆ. 6 ವರ್ಷ ಆಡದೆ ಕೂತರೆ ಆ ಚರ್ಮ ಒಣಗಿ ಅಂಚು ಸುರುಳಿ ಸುತ್ತುತ್ತದೆ. ತಿದಿಯ ಮಡಿಕೆಗಳು ಬಿರಿಯುತ್ತವೆ. ಮೂಲೆಗಳನ್ನು ಇಲಿ ಕಡಿಯುತ್ತದೆ. ಇಲಿಗೆ ಹಳೆಯ ಪೇಟಿಯಷ್ಟು ಒಳ್ಳೆಯ ಬಾಣಂತಿ ಕೋಣೆ ಬೇರೆ ಇಲ್ಲ.

ಪರೀಕ್ಷೆ ಸುಲಭ. ರೀಡಿಗೆ ಗಾಳಿ ಬಿಡುವ, ಮುಚ್ಚುವ ಮುಂದಿನ ಸ್ಟಾಪರ್ ಗುಬುಟುಗಳನ್ನು ಎಲ್ಲ ಒಳಗೆ ತಳ್ಳಿ ಮುಚ್ಚಿ. ಚೀಲ ತುಂಬುವವರೆಗೆ ತುಳಿದು ಕಾಲು ತೆಗೆಯಿರಿ. ಯಾವ ಮನೆಯನ್ನೂ ಒತ್ತಬೇಡಿ. ಒಂದು, ಎರಡು ಅಂತ ನಿಧಾನವಾಗಿ ಎಣಿಸಿ. 20 ಎಣಿಸುವವರೆಗೆ ಚೀಲ ನಿಂತರೆ ನಾನು ಆ ಪೇಟಿಯನ್ನು ಮುಟ್ಟುವುದಿಲ್ಲ. 10ರೊಳಗೆ ಕುಸಿದರೆ ತಿದಿಯೋ ಚೀಲವೋ ಸೋರುತ್ತಿದೆ. ಮುಚ್ಚಿದಾಗ ಗಟ್ಟಿಯಾಗಿ ನಿಂತು, ಸ್ಟಾಪರ್ ತೆರೆದ ತಕ್ಷಣ ಇಳಿದರೆ ಸೋರಿಕೆ ಮೇಲೆ, ಮನೆಗಳ ಅಡಿಯ ಮುಚ್ಚಳಗಳಲ್ಲಿ. ಆಗ ಒತ್ತದೆಯೇ ಯಾವುದೋ ಒಂದು ಸ್ವರ ಗುಂಯ್ ಅನ್ನುತ್ತಲೂ ಇರಬಹುದು. ಜಾಗ ಹುಡುಕಲು ಊದಿನಕಡ್ಡಿಯ ಹೊಗೆ ಸಾಕು, ಸೋರುವಲ್ಲಿ ಹೊಗೆಯ ಎಳೆ ಚೆದುರುತ್ತದೆ. ಕಿಡಿ ತಿದಿಗೆ ತಾಗದಿರಲಿ.

ಸಣ್ಣ ತೂತಾದರೆ ತೆಳು ಕುರಿ ಚರ್ಮದ ತೇಪೆ ಮನೆಯಲ್ಲೇ ಹಾಕಬಹುದು. ಸೆಲ್ಲೋಟೇಪ್ ನಮ್ಮ ಬಿಸಿಲಿಗೆ ಒಂದು ವಾರ ನಿಲ್ಲುವುದಿಲ್ಲ. ಎಂ-ಸೀಲ್ ಕಲ್ಲಾಗುತ್ತದೆ, ಮಡಿಕೆ ಮಡಚಿದಾಗ ಪಕ್ಕದಲ್ಲಿ ಹೊಸ ಬಿರುಕು ಬೀಳುತ್ತದೆ. ಫೆವಿಕಾಲ್ ವಿಷಯದಲ್ಲಿ ನನ್ನದು ಸ್ವಲ್ಪ ಹಳೆ ಕಾಲದ ಹಠ. ಹಳೆ ಪೇಟಿಗಳಿಗೆ ಹಾಕಿದ್ದು ಪ್ರಾಣಿಗಳ ಚರ್ಮ ಬೇಯಿಸಿ ತೆಗೆದ ಅಂಟು. ಬಿಸಿ ನೀರಿನ ಬಟ್ಟೆ ಇಟ್ಟರೆ ಬಿಡುತ್ತದೆ, ಮುಂದಿನ ರಿಪೇರಿಯವನು ಚರ್ಮ ಹರಿಯದೆ ಬಿಚ್ಚಬಹುದು. ಇಲ್ಲೇ ಪಕ್ಕದ ಕಿನ್ನಾಳದ ಗೊಂಬೆ ಮಾಡುವವರು ಹುಣಸೆ ಬೀಜದ ಅಂಟು ಬಳಸುತ್ತಾರೆ. ಅವರ ಕೆಲಸ ನೋಡಿದ ಮೇಲೆ ಡಬ್ಬಿ ಅಂಟಿನ ಮೇಲೆ ನನಗೆ ಮನಸ್ಸೇ ಹೋಗಲಿಲ್ಲ. ಆದರೂ ಜಾತ್ರೆಗೆ ಮುಂಚೆ ಒಂದು ಬೆರಳಗಲದ ತೇಪೆಗೆ ಫೆವಿಕಾಲ್ ಹಚ್ಚಿದರೆ ಪಾಪ ಏನಿಲ್ಲ. ಒಳಗಿನ ಕದಗಳು ಸುರುಳಿಯಾಗಿದ್ದರೆ ಮಾತ್ರ ನೀವು ಕೈ ಹಾಕಬೇಡಿ. ತಿದಿಯನ್ನೇ ಬಿಚ್ಚಬೇಕು, ಅದು ಕೈಪಳಗಿದವರ ಕೆಲಸ.

ಮನೆಗಳು ಯಾಕೆ ಅಂಟುತ್ತವೆ? ನೀವು ಅಂದುಕೊಂಡಂತೆ ಎಣ್ಣೆ ಒಣಗಿ ಅಲ್ಲ. ಅವುಗಳಿಗೆ ಯಾವತ್ತೂ ಎಣ್ಣೆ ಇರಲೇ ಇಲ್ಲ. ಮನೆ ಅಂದರೆ ಒಂದು ಮರದ ಪಟ್ಟಿ, ಏತದ ಹಾಗೆ. ಮುಂದೆ ಒತ್ತಿದರೆ ಹಿಂದೆ ಏಳುತ್ತದೆ, ಅಡಿಯ ಚರ್ಮದ ಮುಚ್ಚಳ ತೆರೆದು ಗಾಳಿ ರೀಡಿಗೆ ಹೋಗುತ್ತದೆ. ಬಿಟ್ಟರೆ ತಂತಿ ಸ್ಪ್ರಿಂಗು ಅದನ್ನು ಕೂರಿಸುತ್ತದೆ. ಅಕ್ಕಪಕ್ಕ ವಾಲದಿರಲಿ ಎಂದು ಸಣ್ಣ ಮೊಳೆಯಂಥ ಕಡ್ಡಿಗಳ ನಡುವೆ ಆಡುತ್ತದೆ. ಈ ಸಂದಿ ಕೂದಲೆಳೆಯಷ್ಟು. ನಿಮ್ಮ ಕಡೆ ಕಾಲುವೆ ನೀರು, ಭತ್ತದ ಗದ್ದೆ. ಗದ್ದೆಗೆ ನೀರು ನಿಂತ ತಿಂಗಳುಗಳಲ್ಲಿ ಮನೆಯೊಳಗೂ ತೇವ. ಮರ ಉಬ್ಬಿ ಸಂದಿ ಮುಚ್ಚುತ್ತದೆ. ಸುಗ್ಗಿಯಲ್ಲಿ ಹೊಟ್ಟಿನ ಧೂಳು ಬಂದು ಕೂರುತ್ತದೆ. ಇದೆಲ್ಲದರ ಮೇಲೆ ಆಯುಧಪೂಜೆ! ಎಷ್ಟು ಪೇಟಿಗಳ ಒಳಗಿಂದ ಚಮಚಗಟ್ಟಲೆ ಕುಂಕುಮ, ವಿಭೂತಿ, ಅಕ್ಷತೆ ತೆಗೆದಿದ್ದೇನೋ ಲೆಕ್ಕವಿಲ್ಲ. ಒಂದರಲ್ಲಿ ತೆಂಗಿನಕಾಯಿ ನೀರು ಬಿದ್ದು ಮೂರು ಕಡ್ಡಿಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಪೂಜೆ ಬಿಡಿ ಅನ್ನುವುದಿಲ್ಲ. ಮುಚ್ಚಳ ಹಾಕಿ ಅದರ ಮೇಲೆ ಮಾಡಿ, ಸರಸ್ವತಿಗೆ ಗೊತ್ತಾಗುತ್ತದೆ.

ಅಂಟುವ ಮನೆಯನ್ನು ಬೆರಳಲ್ಲಿ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಚೂರೂ ಆಡದಿದ್ದರೆ ಕೊಳೆ ಅಥವಾ ಉಬ್ಬು. ಸಲೀಸಾಗಿ ಆಡಿಯೂ ವಾಪಸ್ ಬರದಿದ್ದರೆ ಹಿಂದಿನ ಸ್ಪ್ರಿಂಗು ಸೋತಿದೆ. ತೇವದ ಉಬ್ಬಾದರೆ ಒಣ ಕೋಣೆಯಲ್ಲಿ ಮೇಲಿನ ಮುಚ್ಚಳ ತೆರೆದು, ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಹಾಕಿ ನಾಲ್ಕೈದು ದಿನ ಬಿಡಿ. ಬಿಸಿಲಿಗೆ ಇಡಬೇಡಿ. ನಮ್ಮ ಬಿಸಿಲಿಗೆ ಇಟ್ಟ ಪೇಟಿ ಸಂಜೆಗೆ ಹಲಗೆ ಬಿರಿದು ಕೂತದ್ದನ್ನು ನೋಡಿದ್ದೇನೆ.

ಕೊಳೆಯಾದರೆ ಬಿಚ್ಚಬೇಕು. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಪ್ರತಿ ಪಟ್ಟಿಯ ಹಿಂದೆ ಪೆನ್ಸಿಲಿನಲ್ಲಿ 1, 2, 3 ಬರೆಯಿರಿ. ನೋಡಲು ಒಂದೇ ಥರ ಇದ್ದರೂ ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಕಡ್ಡಿಗಳನ್ನು ಒಣ ಬಟ್ಟೆಯಿಂದ ತಿಕ್ಕಿ, ತುಕ್ಕಿದ್ದರೆ ತೀರ ನುಣುಪು ಎಮರಿ ಕಾಗದದಿಂದ. ಉಕ್ಕಿನ ನಾರು ಬಳಸಬೇಡಿ, ಅದರ ಒಂದು ಎಳೆ ರೀಡಿನಲ್ಲಿ ಸಿಕ್ಕಿಕೊಂಡರೆ ಸ್ವರವೇ ನಿಲ್ಲುತ್ತದೆ. ಆಮೇಲೆ 6ಬಿ ಪೆನ್ಸಿಲ್ ತೆಗೆದುಕೊಂಡು ಕಡ್ಡಿಗೆ ಕಪ್ಪಾಗುವ ಹಾಗೆ ಗೀಚಿ. ಅದೇ ಗ್ರಾಫೈಟು, ಒಣ ಜಾರು. ಧೂಳನ್ನು ಕರೆಯುವುದಿಲ್ಲ. ಮರಕ್ಕೆ ಮರ ಉಜ್ಜುವ ಕಡೆ, ಸ್ಟಾಪರ್ ಪಟ್ಟಿಗಳಿಗೂ, ಮೇಣದಬತ್ತಿಯನ್ನು ಒಮ್ಮೆ ಎಳೆದು ಬಟ್ಟೆಯಿಂದ ತಿಕ್ಕಿದರೆ ಮುಗಿಯಿತು. ಸೋಪು ಹಚ್ಚುವವರಿದ್ದಾರೆ. ಸೋಪು ತೇವ ಎಳೆಯುತ್ತದೆ, ಮಳೆಗಾಲದಲ್ಲಿ ಮತ್ತೆ ಅದೇ ಗೋಳು. ಮುಖದ ಪೌಡರೂ ಬೇಡ, ಕೊನೆಗೆ ಅದು ರೀಡಿಗೇ ಹೋಗಿ ಸೇರುತ್ತದೆ.

ಈಗ ನೀವು ಸ್ಪ್ರೇ ಹೊಡೆದ ಆ ಎರಡು ಮನೆಗಳು. ಅವನ್ನು ಹೊರಗೆ ತೆಗೆಯಿರಿ. ಎಣ್ಣೆ ಕುಡಿದ ಜಾಗಕ್ಕೆ ಟಿಶ್ಯೂ ಕಾಗದ ಸುತ್ತಿ ರಾತ್ರಿಯಿಡೀ ಇಡಿ, ಬೆಳಿಗ್ಗೆ ಹೊಸ ಕಾಗದ. ಕಾಗದ ಒಣಗೇ ಬರುವವರೆಗೆ ಮೂರ್ನಾಲ್ಕು ದಿನ ಹಿಡಿಯಬಹುದು. ಅಡಿಯ ಚರ್ಮ ಹಿಚುಕಿದಾಗ ಜಿಡ್ಡು ಬೆರಳಿಗೆ ಹತ್ತಿದರೆ ಆ ಚರ್ಮ ಬದಲಾಯಿಸಲೇಬೇಕು, ಒರೆಸಿ ಉಳಿಸಲಾಗದು. ಸ್ವರ ಇಳಿದದ್ದು ಯಾಕೆಂದರೆ, ಎಣ್ಣೆಯ ಹನಿ ಮುಚ್ಚಳದ ತೂತಿನಿಂದ ಕೆಳಗಿಳಿದು ರೀಡಿಗೆ ತಗುಲಿದೆ. ರೀಡಿನ ಹಿತ್ತಾಳೆ ನಾಲಿಗೆ ಒಂದು ಸೆಕೆಂಡಿನಲ್ಲಿ ನೂರಾರು ಸಲ ಅಲುಗುತ್ತದೆ. ನಾವು ಶ್ರುತಿಗೆ ಅಳತೆಗೋಲಾಗಿ ಇಟ್ಟುಕೊಂಡ ಎ ಸ್ವರದ ರೀಡು 440 ಸಲ. ಅದರ ತುದಿಗೆ ಎಣ್ಣೆ, ಧೂಳು ಕೂತು ಚೂರು ಭಾರವಾದರೂ ಅಲುಗುವುದು ನಿಧಾನ ಆಗುತ್ತದೆ, ಸ್ವರ ಇಳಿಯುತ್ತದೆ. ಇದು ಒಳ್ಳೆಯ ಸುದ್ದಿ. ಭಾರ ತೆಗೆದರೆ ಸ್ವರ ತಾನಾಗಿ ಏರುತ್ತದೆ. ಮೊಬೈಲ್ ರಿಪೇರಿಯವರ ಹತ್ತಿರ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಅನ್ನುವ ಸ್ಪಿರಿಟ್ ಇರುತ್ತದೆ. ಮೆತ್ತನೆ ಬ್ರಷ್ಷಿಗೆ ಅದನ್ನು ಸ್ವಲ್ಪ ತಗುಲಿಸಿ, ನಾಲಿಗೆಯನ್ನು ಬುಡದಿಂದ ತುದಿಯ ಕಡೆಗೆ ಮಾತ್ರ ಒರೆಸಿ. ಉಲ್ಟಾ ಒರೆಸಿದರೆ ನಾಲಿಗೆ ಬಾಗುತ್ತದೆ. ಕೆರೆಯಬೇಡಿ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಅದು ಶ್ರುತಿ ಮಾಡುವವರ ವಿದ್ಯೆ, ಒಮ್ಮೆ ಹೋದ ಹಿತ್ತಾಳೆ ವಾಪಸ್ ಬರುವುದಿಲ್ಲ.

5 ವಾರದಲ್ಲಿ ನಿಮಗೆ ಇರುವ ದಾರಿಗಳು ನನಗೆ ಕಾಣುವ ಹಾಗೆ ಹೇಳುತ್ತೇನೆ. ಮೊದಲ ವಾರ ಪೆಡಲ್ ತೊಳೆದು ಹತ್ತು ಹನಿ ಹಾಕಿ, ಎಣಿಸುವ ಪರೀಕ್ಷೆ ಮಾಡಿ. 10 ದಾಟಿ ನಿಂತರೆ ಮನೆಗಳ ಕೆಲಸ ಮಾಡಿಕೊಂಡು ಜಾತ್ರೆ ಮುಗಿಸಿ, ದೊಡ್ಡ ರಿಪೇರಿ ಆಮೇಲೆ. ಸ್ವಲ್ಪ ಜಾಸ್ತಿ ತುಳಿಯುತ್ತೀರಿ, ಅಷ್ಟೇ. ಐದಾರು ಎಣಿಸುವುದರೊಳಗೆ ಕುಸಿದರೆ ತಕ್ಷಣ ರಿಪೇರಿಯವರ ಹತ್ತಿರ ಒಯ್ಯಿರಿ. ತಿದಿ ಹೊಸದು ಕಟ್ಟಲು ಮೂರು ವಾರವಾದರೂ ಬೇಕು, ಅಂಟು ಆರಲು ಅವಸರ ಮಾಡಬಾರದು. ಇದರಲ್ಲಿ ಒಂದು ಅಪಾಯ ಇದೆ, ನಮ್ಮ ಕಸುಬಿನವರ ಬಗ್ಗೆ ನಾನೇ ಹೇಳಬೇಕಾಗಿದೆ. ನಿಮ್ಮಪ್ಪನ ಕಾಲದ ಪೇಟಿಯಲ್ಲಿ ಬೆಲೆಬಾಳುವ ಜರ್ಮನ್ ರೀಡು ಇರುವ ಸಾಧ್ಯತೆ ಇದೆ. "ಹಳೇದು ಹೋಗ್ಯಾವ್ರಿ, ಹೊಸಾವು ಹಾಕ್ತೀನಿ" ಅಂತ ಅವನ್ನು ತೆಗೆದಿಟ್ಟುಕೊಳ್ಳುವವರು ಇದ್ದಾರೆ. ಕೊಡುವ ಮುಂಚೆ ರೀಡು ಹಲಗೆಯ ಫೋಟೋ ತೆಗೆಯಿರಿ, ಎಷ್ಟಿವೆ ಎಣಿಸಿ, ಅವರ ಎದುರಿಗೇ ಎಣಿಸಿ.

ಕೆಲವರು ತಿದಿ ತೆಗೆಸಿ ಮೋಟಾರು ಕೂರಿಸಿಕೊಳ್ಳುತ್ತಾರೆ. ಕಾಲಿಗೆ ಆರಾಮ, ಆದರೆ ಮೋಟಾರಿನ ಗುರ್ ಸದ್ದು ಕಿರ್ರ್‌ಗಿಂತ ಕೆಟ್ಟದು. ಕರುಣ ರಸದ ಹಾಡಿನ ನಡುವೆ ಕರೆಂಟು ಹೋದರೆ ಏನು ಮಾಡುತ್ತೀರಿ? ಕ್ಯಾಸಿಯೋ ಕೀಬೋರ್ಡ್ ಬಾಡಿಗೆಗೆ ತರುವುದೂ ಒಂದು ದಾರಿ. ನನಗೆ ಅದರ ಮೇಲೆ ಸಿಟ್ಟೇನಿಲ್ಲ, ಕೈಗೆ ಇಟ್ಟುಕೊಳ್ಳಿ, ಮಧ್ಯರಾತ್ರಿ ಏನಾದರೂ ಹರಿದರೆ ನಾಟಕ ನಿಲ್ಲಬಾರದು.

ಮುಂದಕ್ಕೆ ಒಂದೆರಡು ಮಾತು. ಪೆಡಲಿಗೆ ಎಣ್ಣೆ ವರ್ಷಕ್ಕೆ ಎರಡು ಸಲ ಸಾಕು, ಸುಗ್ಗಿ ಆದ ಮೇಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ. ತಿಂಗಳಿಗೊಮ್ಮೆ ಅನ್ನುವ ಹುಮ್ಮಸ್ಸು ಬೇಡ. ನುಸಿಗುಳಿಗೆಗಳನ್ನು ಬಟ್ಟೆಯಲ್ಲಿ ಕಟ್ಟಿ ಪೆಡಲ್ ಹತ್ತಿರ ತೂಗುಹಾಕಿ, ಒಳಗೆ ಬಿಡಿಬಿಡಿಯಾಗಿ ಹಾಕಬೇಡಿ. ವಾರಕ್ಕೆ ಹತ್ತು ನಿಮಿಷ ಸುಮ್ನೆ ತುಳಿದು ಎಲ್ಲ ಮನೆಗಳನ್ನೂ ಒಮ್ಮೆ ಒತ್ತಿ, ಚರ್ಮ ಆಡುತ್ತಿದ್ದರೆ ಸುರುಳಿ ಸುತ್ತುವುದಿಲ್ಲ. ಸಾಗಿಸುವಾಗ ಬಸ್ಸಿನ ಮೇಲೆ ಹಾಕಬೇಡಿ. ಟಂಟಂನಲ್ಲಿ ಹಾಸಿಗೆ ಹಾಸಿ, ಪೆಡಲ್ ಮಡಚಿ, ಮನೆಗಳ ಮೇಲೆ ಒಂದು ಟವೆಲ್ ಇಟ್ಟು ಮುಚ್ಚಳ ಹಾಕಿ.

ಪೆಡಲ್ ತೊಳೆಯುವಾಗ ಅದರ ಮೇಲಿನ ಹಲಗೆಯನ್ನು ನೋಡಿ. ನಿಮ್ಮಪ್ಪ 40 ವರ್ಷ ತುಳಿದ ಜಾಗ ಎರಡು ಹಿಮ್ಮಡಿಯಷ್ಟು ತಗ್ಗಾಗಿರುತ್ತದೆ. ಹೊಸ ಕೀಲು ಹಾಕಿಸುವಾಗ ಹಲಗೆಯನ್ನೂ ಬದಲಾಯಿಸೋಣ ಅಂತ ಯಾರಾದರೂ ಅಂದರೆ ಬೇಡ ಅನ್ನಿ. ಹಲಗೆಗೆ ಏನೂ ಆಗಿಲ್ಲ. ಆ ತಗ್ಗಿನಲ್ಲಿ ಕಾಲಿಟ್ಟು ತುಳಿದರೆ ಭಾರ ಕೀಲಿನ ಮೇಲೆ ನೇರ ಬೀಳುತ್ತದೆ, ಕಾಲೂ ಜಾರುವುದಿಲ್ಲ.